ಅಡಗುವ ಪ್ರಾಣಿ, ತೋರಿಸುವ ಕುಂಚ

(ಮೈಸೂರಿನಲ್ಲಿ ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ಪಕ್ಷಿವೀಕ್ಷಕರ ಎದುರು ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ.

ಚಿತ್ರಕಲಾ ಶಾಲೆಗೆ ಸೇರಿದ ಮೊದಲ ವಾರದಲ್ಲೇ ಮೇಷ್ಟ್ರು ಮೇಜಿನ ಮೇಲೆ ಒಂದು ಬಿಳಿ ಚೆಂಡು ಇಟ್ಟು ಬಿಡಿಸಲು ಹೇಳುತ್ತಾರೆ. ಬೆಳಕು ಮೇಲಿನಿಂದ ಬೀಳುತ್ತಿರುತ್ತದೆ. ಚೆಂಡಿನ ನೆತ್ತಿ ಬೆಳ್ಳಗೆ, ಪಕ್ಕದಲ್ಲಿ ಮಬ್ಬು, ತಳದಲ್ಲಿ ಕಪ್ಪು. ಈ ಮೂರನ್ನೂ ಹದವಾಗಿ ಹಾಕಿದರೆ ಚಪ್ಪಟೆ ಕಾಗದದ ಮೇಲೆ ಚೆಂಡು ಉಬ್ಬಿ ನಿಲ್ಲುತ್ತದೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳೆಲ್ಲ ಆ ಪಾಠ ಮುಗಿಸಿ ಬಂದವರು.

ಈಗ ಬಂಡೀಪುರದ ಒಂದು ಚುಕ್ಕೆ ಜಿಂಕೆಯನ್ನು ನೆನಪಿಸಿಕೊಳ್ಳಿ. ಬೆನ್ನು ಕಂದು, ಬೆನ್ನುಹುರಿಯ ಉದ್ದಕ್ಕೂ ಇನ್ನಷ್ಟು ಗಾಢ. ಪಕ್ಕೆಗೆ ಇಳಿದಂತೆ ಬಣ್ಣ ತಿಳಿಯಾಗುತ್ತದೆ. ಗಂಟಲು, ಹೊಟ್ಟೆ, ತೊಡೆಯ ಒಳಬದಿ ಬಿಳಿ. ಬೆಳಕು ಹೆಚ್ಚು ಬೀಳುವ ಕಡೆ ಮೈ ಗಾಢವಾಗಿದೆ, ನೆರಳು ಕೂರುವ ಕಡೆ ಮೈ ಬೆಳ್ಳಗಿದೆ. ಮೇಷ್ಟ್ರು ಕಲಿಸಿದ ಪಾಠಕ್ಕೆ ಪೂರ್ತಿ ತಿರುಗುಮುರುಗು. ಬಿಸಿಲು ಬೆನ್ನನ್ನು ಬೆಳಗಿಸುತ್ತದೆ, ಬೆನ್ನಿನ ಗಾಢ ಬಣ್ಣ ಆ ಬೆಳಕನ್ನು ನುಂಗುತ್ತದೆ. ಹೊಟ್ಟೆಯ ಕೆಳಗೆ ಕತ್ತಲು ಕೂರಬೇಕು, ಅಲ್ಲಿಯ ಬಿಳಿ ಆ ಕತ್ತಲನ್ನು ತೊಡೆಯುತ್ತದೆ. ಉಬ್ಬಿರಬೇಕಾದ ದೇಹ ಚಪ್ಪಟೆಯಾಗಿ ಕಂಡು ಹಿಂದಿನ ಪೊದೆಯಲ್ಲಿ ಬೆರೆತುಹೋಗುತ್ತದೆ. ನಡುಹಗಲಲ್ಲಿ ಮರದಡಿ ನಿಂತ ಹಿಂಡಿನಲ್ಲಿ ನಮಗೆ ಮೊದಲು ಒಂದೇ ಜಿಂಕೆ ಕಂಡು, ಅದರ ಪಕ್ಕದ್ದು ಕಿವಿ ಆಡಿಸಿದ ಮೇಲಷ್ಟೇ ಕಾಣುವುದಕ್ಕೆ ಕಾರಣ ಇದು.

ಈ ಸಂಗತಿಯನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದವನು ಒಬ್ಬ ಚಿತ್ರಕಾರ ಎನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ. ಅಮೆರಿಕದ ಅಬಟ್ ಥೇಯರ್, 1896ರಲ್ಲಿ, ಪಕ್ಷಿವಿಜ್ಞಾನದ ಪತ್ರಿಕೆಯೊಂದರಲ್ಲಿ ಇದನ್ನು ಬರೆದ. ದುಂಡಗಿನ ವಸ್ತುವನ್ನು ಬೆಳಕು ನೆರಳಿನಿಂದ ಉಬ್ಬಿಸಿ ತೋರಿಸುವುದು ಅವನ ದಿನನಿತ್ಯದ ಕಸುಬು. ಹಾಗಾಗಿಯೇ ಅದೇ ಲೆಕ್ಕವನ್ನು ಪ್ರಕೃತಿ ಹಿಂದುಮುಂದಾಗಿ ಹಾಕಿರುವುದು ಅವನ ಕಣ್ಣಿಗೆ ಬಿತ್ತು. ಆಮೇಲೆ ಅವನು ಈ ವಿಚಾರವನ್ನು ಅತಿಗೂ ಒಯ್ದ. ರಾಜಹಂಸದ ಗುಲಾಬಿ ಬಣ್ಣವೂ ಮುಂಜಾನೆ ಮುಸ್ಸಂಜೆಯ ಆಕಾಶದಲ್ಲಿ ಅಡಗಲೆಂದೇ ಇದೆ ಎಂದು ವಾದಿಸಿದ. ಬೇಟೆಗಾರನೂ ಪ್ರಾಣಿಶಾಸ್ತ್ರದ ಆಸಕ್ತನೂ ಆಗಿದ್ದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್ವೆಲ್ಟ್ ಅದನ್ನು ಕಟುವಾಗಿ ಖಂಡಿಸಿದ, ಖಂಡಿಸಿದ್ದು ಸರಿಯಾಗಿಯೇ ಇತ್ತು. ಹೆಣ್ಣನ್ನು ಒಲಿಸಲು, ಎದುರಾಳಿಯನ್ನು ಬೆದರಿಸಲು ಇರುವ ಬಣ್ಣಗಳೂ ಉಂಟು. ಆದರೂ ಮೂಲ ಮಾತು ಗಟ್ಟಿಯಾಗಿ ನಿಂತಿದೆ.

ನಾನು ಇಂದು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ. ಪ್ರಾಣಿಯ ಮೈ ಕಣ್ಣಿಗೆ ಬೀಳದಿರಲು ದುಡಿಯುತ್ತದೆ. ಚಿತ್ರಕಾರ ಅದನ್ನು ಕಣ್ಣಿಗೆ ಬೀಳಿಸಲು ದುಡಿಯುತ್ತಾನೆ. ಈ ಎರಡು ದುಡಿಮೆಗಳ ಜಗಳವನ್ನು ಒಂದು ಕಾಗದದ ಮೇಲೆ ಹೇಗೆ ಬಗೆಹರಿಸುತ್ತೀರಿ ಎಂಬುದರಲ್ಲಿ ವನ್ಯಜೀವಿ ಚಿತ್ರದ ಗುಣ ನಿಂತಿದೆ. ಜಿಂಕೆಯನ್ನು ಬಿಳಿ ಚೆಂಡಿನಂತೆ ಉಬ್ಬಿಸಿ, ಒಂದೊಂದು ಚುಕ್ಕೆಯನ್ನೂ ಎಣಿಸಿ ಬಿಡಿಸಿದರೆ ಅದು ಜಿಂಕೆಯ ಗೊಂಬೆ. ಅರ್ಧ ಜಿಂಕೆಯನ್ನು ನೆರಳಿಗೆ ಬಿಟ್ಟುಕೊಡುವ ಧೈರ್ಯ ಬೇಕು.

ಆ ಧೈರ್ಯಕ್ಕೆ ಮೊದಲು ಕಣ್ಣಾರೆ ಕಂಡ ಆಧಾರ ಇರಬೇಕು. ಪರದೆಯ ಮೇಲೆ ಎರಡು ಚಿತ್ರ ನೋಡಿ, ಎರಡೂ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್‌ನವು. ಎಡಗಡೆಯದು ಮೊಲ, 1502ರದ್ದು, ಈಗ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ತಿಳಿ ಕಂದು ಬಣ್ಣವನ್ನು ಮೊದಲು ತೆಳ್ಳಗೆ ಹರಿಸಿ, ಅದರ ಮೇಲೆ ಗಾಢ ಮತ್ತು ಬಿಳಿ ಗೆರೆಗಳಿಂದ ಕೂದಲು ಕೂರಿಸಿದ್ದಾನೆ. ಕೂದಲು ಹೊರಳುವ ದಿಕ್ಕು ನೋಡಿ: ಎದೆಯಲ್ಲಿ ಒಂದು ಕಡೆಗೆ, ಭುಜದಲ್ಲಿ ಇನ್ನೊಂದು ಕಡೆಗೆ, ಕಿವಿಯ ಬುಡದಲ್ಲಿ ಗಿಡ್ಡ, ಹೊಟ್ಟೆಯ ಬಳಿ ಉದ್ದ. ಕಣ್ಣಿನೊಳಗೆ ಕಿಟಕಿಯ ಪ್ರತಿಬಿಂಬ ಕೂಡ ಇದೆ. ಐನೂರು ವರ್ಷಗಳ ನಂತರವೂ ಆ ಮೊಲದ ಮೂಗು ಈಗ ಅಲುಗೀತು ಅನ್ನಿಸುತ್ತದೆ.

ಬಲಗಡೆಯದು ಖಡ್ಗಮೃಗ, 1515ರ ಮರದಚ್ಚಿನ ಚಿತ್ರ. ಇದರ ಕತೆಗೂ ನಮ್ಮ ದೇಶಕ್ಕೂ ನಂಟಿದೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಶಾಹ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಒಂದು ಖಡ್ಗಮೃಗವನ್ನು ಕಾಣಿಕೆ ಕೊಟ್ಟ. ಅದು ಹಡಗೇರಿ 1515ರ ಮೇ ತಿಂಗಳಲ್ಲಿ ಲಿಸ್ಬನ್ ಮುಟ್ಟಿತು. ಮುಂದೆ ಪೋಪ್‌ಗೆ ಉಡುಗೊರೆಯಾಗಿ ಕಳಿಸುವಾಗ ಇಟಲಿಯ ಕಡಲಲ್ಲಿ ಹಡಗು ಮುಳುಗಿ ಸತ್ತುಹೋಯಿತು. ಡ್ಯೂರರ್ ಅದನ್ನು ನೋಡಲೇ ಇಲ್ಲ. ಯಾರೋ ಬರೆದ ವಿವರಣೆ ಮತ್ತು ಒಂದು ಗೀಚುಚಿತ್ರ ನೋಡಿಕೊಂಡು ಬಿಡಿಸಿದ. ಚರ್ಮದ ಮಡಿಕೆಗಳು ಯೋಧನ ಉಕ್ಕಿನ ಕವಚವಾದವು, ಕಾಲುಗಳಿಗೆ ಹುರುಪೆ ಬಂತು, ಭುಜದ ಮೇಲೆ ಇಲ್ಲದ ಎರಡನೆಯ ಕೊಂಬು ಮೂಡಿತು. ಯುರೋಪು ಎರಡು ಶತಮಾನಕ್ಕೂ ಹೆಚ್ಚು ಕಾಲ ಆ ಕೊಂಬನ್ನೇ ನಕಲು ಮಾಡಿತು. ಎರಡರಲ್ಲೂ ಅದೇ ಕೈ, ಅದೇ ಪ್ರತಿಭೆ. ಒಂದನ್ನು ಕಂಡಿದ್ದ, ಇನ್ನೊಂದನ್ನು ಕೇಳಿದ್ದ.

ನಮ್ಮ ಹಳೇಬೀಡಿನ ಗೋಡೆ ನೋಡುವಾಗ ನನಗೆ ಇದೇ ವಿಚಾರ ಬರುತ್ತದೆ. ಹೊಯ್ಸಳೇಶ್ವರ ದೇವಸ್ಥಾನದ ತಳದ ಪಟ್ಟಿಕೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು. ಆನೆಗಳನ್ನು ಕೆತ್ತಿದ ರೂವಾರಿ ಆನೆಯ ಜೊತೆ ಬದುಕಿದವನು. ಸೊಂಡಿಲಿನ ಬಾಗು, ಮೈ ಒರಗಿಸುವ ರೀತಿ, ಕಾಲೆತ್ತುವ ಭಾರ ಎಲ್ಲ ಕಲ್ಲಿನಲ್ಲಿ ಜೀವಂತ. ಮೇಲಿನ ಸಾಲಿನ ಸಿಂಹವನ್ನು ಅವನು ಕಂಡಿರಲಾರ. ಅದು ಅಲಂಕಾರದ ಸಿಂಹ, ಸೊಗಸಾದ ಕಲ್ಪನೆ. ಶಿಲ್ಪವಾಗಿ ನಾನು ಎರಡನ್ನೂ ಪ್ರೀತಿಸುತ್ತೇನೆ. ಪ್ರಾಣಿಯನ್ನು ಕಲಿಯಬೇಕೆಂದಾಗ ಮಾತ್ರ ಕೆಳಗಿನ ಸಾಲಿನ ಮುಂದೆ ಕೂರುತ್ತೇನೆ.

ಇಲ್ಲಿಂದ ಉಸ್ತಾದ್ ಮನ್ಸೂರ್‌ನ ಹತ್ತಿರ ಹೋಗೋಣ. ನನ್ನ ಮಟ್ಟಿಗೆ ಭಾರತದ ವನ್ಯಜೀವಿ ಚಿತ್ರಕಲೆಯ ತಲೆಬಾಗಿಲು ಅವನು. ಜಹಾಂಗೀರ್ ಬಾದಶಹನ ಆಸ್ಥಾನದಲ್ಲಿದ್ದ, 'ನಾದಿರ್-ಉಲ್-ಅಸ್ರ್', ಅಂದರೆ 'ಯುಗದ ಅದ್ಭುತ', ಎಂಬ ಬಿರುದು ಪಡೆದಿದ್ದ. ಜಹಾಂಗೀರ್‌ಗೆ ಪ್ರಾಣಿ ಪಕ್ಷಿಗಳ ಬಗ್ಗೆ ತೀರದ ಕುತೂಹಲ. ಮುತ್ತಜ್ಜ ಬಾಬರ್ ತನ್ನ ಆತ್ಮಕತೆಯಲ್ಲಿ ಪ್ರಾಣಿಗಳನ್ನು ವರ್ಣಿಸಿದನೇ ಹೊರತು ಚಿತ್ರ ಬರೆಸಲಿಲ್ಲ, ನಾನು ಬರೆಸಿದೆ ಎಂದು ತನ್ನ ದಿನಚರಿಯಲ್ಲಿ ಹೇಳಿಕೊಂಡಿದ್ದಾನೆ. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿ ಬಂದಿತು, 1621ರಲ್ಲಿ ಜೀಬ್ರಾ ಬಂದಿತು. ಜೀಬ್ರಾ ನೋಡಿದ ಕೆಲವರು ಇದು ಬಣ್ಣ ಬಳಿದ ಕುದುರೆ ಇರಬೇಕೆಂದು ಸಂಶಯಪಟ್ಟರಂತೆ. ಎರಡನ್ನೂ ಮನ್ಸೂರ್ ಬಿಡಿಸಿದ. 1620ರ ವಸಂತದಲ್ಲಿ ಕಾಶ್ಮೀರಕ್ಕೆ ಹೋದಾಗ ಅವನು ನೂರಕ್ಕೂ ಹೆಚ್ಚು ಹೂಗಳನ್ನು ಬರೆದನೆಂದು ಬಾದಶಹನೇ ದಾಖಲಿಸಿದ್ದಾನೆ.

ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ ಮನ್ಸೂರ್‌ನದೆಂದು ಗುರುತಿಸಲಾದ ಸೈಬೀರಿಯದ ಕೊಕ್ಕರೆಯ ಚಿತ್ರವಿದೆ. ಪಾಶ್ಚಾತ್ಯ ವಿಜ್ಞಾನದಲ್ಲಿ ಆ ಹಕ್ಕಿಗೆ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಪಲ್ಲಾಸ್ ಹೆಸರಿಟ್ಟದ್ದು 1773ರಲ್ಲಿ. ಅದಕ್ಕಿಂತ ನೂರೈವತ್ತು ವರ್ಷ ಹಿಂದೆಯೇ ಅದರ ಮುಖದ ಕೆಂಪು ಬರಿಚರ್ಮ, ಕಾಲಿನ ಬಣ್ಣ, ನಿಲುವು ಎಲ್ಲ ಕಾಗದದ ಮೇಲೆ ಬಂದಿತ್ತು. ಬಿಳಿ ಹಕ್ಕಿಯನ್ನು ಬಿಡಿಸುವುದು ಎಷ್ಟು ಕಷ್ಟ ಎಂದು ಬಣ್ಣ ಹಿಡಿದವರಿಗೆ ಗೊತ್ತು. ಬಿಳಿಯ ಒಳಗೇ ಗರಿಗಳ ಅಂಚನ್ನು ಬೂದಿ ಛಾಯೆಯಲ್ಲಿ ಎತ್ತಬೇಕು, ಸ್ವಲ್ಪ ಹೆಚ್ಚಾದರೆ ಹಕ್ಕಿ ಕೊಳೆಯಾಗುತ್ತದೆ. ಮೊಘಲ್ ಕುಂಚಗಳಿಗೆ ಅಳಿಲಿನ ಕೂದಲು ಬಳಸುತ್ತಿದ್ದರು. ಬಣ್ಣವನ್ನು ಗೋಂದಿನಲ್ಲಿ ಅರೆದು ಪದರ ಪದರವಾಗಿ ಹಚ್ಚಿ, ಚಿತ್ರವನ್ನು ಮಗುಚಿ ಹಾಕಿ ಹಿಂಬದಿಯನ್ನು ಅಗೇಟ್ ಕಲ್ಲಿನಿಂದ ಉಜ್ಜುತ್ತಿದ್ದರು. ಬಣ್ಣ ಕಾಗದಕ್ಕೆ ಕಚ್ಚಿಕೊಂಡು ನುಣುಪು ಬರುತ್ತಿತ್ತು. ಆ ಸಾವಧಾನ ಈಗ ನಮ್ಮಲ್ಲಿ ಅಪರೂಪ.

ಆ ಸೈಬೀರಿಯದ ಕೊಕ್ಕರೆ ಚಳಿಗಾಲ ಕಳೆಯಲು ರಾಜಸ್ಥಾನದ ಭರತ್‌ಪುರಕ್ಕೆ ಬರುತ್ತಿತ್ತು. 2002ರ ನಂತರ ಅಲ್ಲಿ ಕಂಡಿಲ್ಲ. ನಮ್ಮ ದೇಶದ ಮಕ್ಕಳಿಗೆ ಇನ್ನು ಅದು ಚಿತ್ರದಲ್ಲೇ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಮನ್ಸೂರ್‌ನ ನಂತರ ಒಂದೂವರೆ ಶತಮಾನ ದಾಟಿದರೆ ಪಟ್ನಾದ ಶೇಖ್ ಜೈನುದ್ದೀನ್ ಸಿಗುತ್ತಾನೆ. ಕಲ್ಕತ್ತಾದ ನ್ಯಾಯಾಧೀಶ ಇಂಪೆಯ ಹೆಂಡತಿ ಮೇರಿ ಇಂಪೆ ತಮ್ಮ ಮನೆಯಂಗಳದಲ್ಲಿ ಸಾಕಿದ್ದ ಪ್ರಾಣಿ ಪಕ್ಷಿಗಳನ್ನು ಅವನಿಂದಲೂ ಭವಾನಿ ದಾಸ್, ರಾಮ್ ದಾಸ್ ಎಂಬ ಇನ್ನಿಬ್ಬರಿಂದಲೂ ಬರೆಸಿದರು. 1777ರಿಂದ ಕೆಲವು ವರ್ಷ ನಡೆದ ಕೆಲಸ ಅದು. ಇಂಗ್ಲೆಂಡಿನ ಕಾಗದ, ಮೊಘಲ್ ಕೈ. ಆದಷ್ಟೂ ಪ್ರಾಣಿಯ ನಿಜ ಅಳತೆಯಲ್ಲೇ ಬರೆಯುತ್ತಿದ್ದರು. ವಿವರದಲ್ಲಿ ಇವರನ್ನು ಮೀರಿಸುವುದು ಇವತ್ತಿಗೂ ಕಷ್ಟ.

ಆದರೆ ಗಮನಿಸಿ. ಮನ್ಸೂರ್‌ನಲ್ಲೂ ಜೈನುದ್ದೀನ್‌ನಲ್ಲೂ ಪ್ರಾಣಿ ಬಹುಮಟ್ಟಿಗೆ ಖಾಲಿ ಕಾಗದದ ಮೇಲೆ ನಿಂತಿದೆ. ಸುತ್ತ ಒಂದು ರೆಂಬೆ, ನಾಲ್ಕು ಹುಲ್ಲೆಸಳು, ಅಷ್ಟೇ. ಅವರಿಗೆ ಬಂದದ್ದು ಪಂಜರದಲ್ಲಿ ಬಂದ ಪ್ರಾಣಿ, ಅವರಿಂದ ಬಯಸಿದ್ದು ದಾಖಲೆ. ಅಡಗುವ ಪ್ರಾಣಿಗೆ ಅಡಗಲು ಜಾಗವೇ ಇರಲಿಲ್ಲ.

ಜಾಗ ಕೊಟ್ಟವನು ಸ್ವೀಡನ್ನಿನ ಬ್ರೂನೋ ಲಿಲ್ಯೆಫೋರ್ಸ್. 1860ರಲ್ಲಿ ಉಪ್ಸಾಲಾದಲ್ಲಿ ಹುಟ್ಟಿದ, 1939ರವರೆಗೆ ಬದುಕಿದ. ಸ್ವತಃ ಬೇಟೆಗಾರ, ಮನೆಯ ಹತ್ತಿರ ನರಿ, ಮೊಲಗಳನ್ನು ಸಾಕಿಕೊಂಡು ದಿನವಿಡೀ ಗಮನಿಸುತ್ತಿದ್ದವನು, ಹಿಮ ಬೀಳುತ್ತಿದ್ದರೂ ಹೊರಗೇ ನಿಂತು ಬರೆಯುತ್ತಿದ್ದವನು. ಅವನ ಹಿಮದ ಮೊಲದ ಚಿತ್ರ ನೋಡಿದರೆ ಮೊದಲು ಕಾಣುವುದು ಹಿಮ, ಕಡ್ಡಿ, ನೀಲಿ ನೆರಳು. ಆಮೇಲೆ ಒಂದು ಕಣ್ಣು. ಕಣ್ಣಿನಿಂದ ಕಿವಿಗೆ, ಕಿವಿಯಿಂದ ಬೆನ್ನಿಗೆ ನಾವೇ ಹುಡುಕಿಕೊಂಡು ಹೋಗುತ್ತೇವೆ. ಕಾಡಿನಲ್ಲಿ ಪ್ರಾಣಿ ಕಾಣುವುದು ಹೇಗೋ ಚಿತ್ರದಲ್ಲೂ ಹಾಗೇ ಕಾಣುವಂತೆ ಮಾಡಿದ. ಅವನ ನೀರುಬಾತುಗಳು ಅಲೆಯ ಪ್ರತಿಬಿಂಬಗಳ ನಡುವೆ ತಾವೂ ಪ್ರತಿಬಿಂಬಗಳಾಗಿಬಿಡುತ್ತವೆ. ವನ್ಯಜೀವಿ ಚಿತ್ರ ಬರೆಯುವ ಹುಡುಗ ಹುಡುಗಿಯರು ಒಬ್ಬರನ್ನೇ ಅಭ್ಯಾಸ ಮಾಡುವುದಿದ್ದರೆ ಲಿಲ್ಯೆಫೋರ್ಸ್‌ನನ್ನು ಮಾಡಿ ಎನ್ನುತ್ತೇನೆ.

ಇದನ್ನು ಸಾಧಿಸುವ ಬಗೆ ಯಾವುದು? ಉತ್ತರ ಅಂಚಿನಲ್ಲಿದೆ. ಪ್ರಾಣಿಯ ಸುತ್ತ ಒಂದೇ ದಪ್ಪದ ಗೆರೆ ಎಳೆದ ಕ್ಷಣ ಅದನ್ನು ಕಾಡಿನಿಂದ ಕತ್ತರಿಸಿ ತೆಗೆದಂತಾಯಿತು. ಮೊದಲು ಕಣ್ಣು ಅರೆಮುಚ್ಚಿ ನೋಡಿ. ವಿವರ ಮಾಯವಾಗಿ ಗಾಢ ತಿಳಿಗಳಷ್ಟೇ ಉಳಿಯುತ್ತವೆ. ಪ್ರಾಣಿಯ ಗಾಢತೆಯೂ ಹಿನ್ನೆಲೆಯ ಗಾಢತೆಯೂ ಒಂದೇ ಆದ ಕಡೆ ಅಂಚು ಕರಗಿರುತ್ತದೆ. ಆ ಜಾಗದಲ್ಲಿ ನಾನು ಕಾಗದವನ್ನು ಒದ್ದೆ ಮಾಡಿ ಎರಡೂ ಬಣ್ಣವನ್ನು ಒಟ್ಟಿಗೆ ಬಿಡುತ್ತೇನೆ, ಅವು ತಾವೇ ಬೆರೆಯುತ್ತವೆ. ಬಿಸಿಲು ತಾಕಿದ ಬೆನ್ನು, ಕಣ್ಣಿನ ಸುತ್ತ, ಕೊಕ್ಕಿನ ತುದಿ, ಇಂಥ ಕಡೆ ಕಾಗದ ಪೂರ್ತಿ ಒಣಗಿದ ಮೇಲೆ ಖಚಿತವಾದ ಅಂಚು ಕೊಡುತ್ತೇನೆ. ನಾಗರಹೊಳೆಯ ಬಿದಿರುಮೆಳೆಯಲ್ಲಿ ನಿಂತ ಆನೆ ಅಷ್ಟು ದೊಡ್ಡದಾಗಿದ್ದೂ ಪಕ್ಕನೆ ಕಾಣುವುದಿಲ್ಲ. ಅಲ್ಲಿ ನಾನು ಬರೆಯುವುದು ಹಣೆಯ ಒಂದು ಉಬ್ಬು, ಕಿವಿಯ ಒಂದು ಮಡಿಕೆ, ಕಾಲಿನ ಒಂದು ಕಂಬ. ಉಳಿದದ್ದನ್ನು ನೋಡುವವರ ಕಣ್ಣು ಕೂಡಿಸಿಕೊಳ್ಳುತ್ತದೆ.

ಅರ್ಧ ಬಿಟ್ಟು ಬರೆಯಬೇಕಾದರೆ ಪೂರ್ತಿ ಗೊತ್ತಿರಬೇಕು. ಬಿಟ್ಟ ಭಾಗ ಎಲ್ಲಿದೆ ಎಂದು ತಿಳಿಯದೆ ಬಿಟ್ಟರೆ ಕಂಡ ಭಾಗಗಳು ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೇ ದೇಹರಚನೆಯ ಅಭ್ಯಾಸ. ಹಕ್ಕಿಯ ಮೊಣಕಾಲು ಹಿಂದಕ್ಕೆ ಮಡಚುತ್ತದೆ ಎಂದು ತುಂಬ ಜನ ಭಾವಿಸುತ್ತಾರೆ. ನಮಗೆ ಕಾಣುವ ಆ ಕೀಲು ಅದರ ಹಿಮ್ಮಡಿಯ ಗಂಟು, ನಿಜವಾದ ಮೊಣಕಾಲು ಮೇಲೆ ಗರಿಗಳೊಳಗೆ ಹುದುಗಿದೆ. ಇಷ್ಟು ತಿಳಿದರೆ ಕೊಕ್ಕರೆ ಕಾಲು ಮಡಚಿ ಕೂರುವುದು ಅರ್ಥವಾಗುತ್ತದೆ. ಆನೆಯ ಭುಜದೆತ್ತರ ಅದರ ಮುಂಗಾಲಿನ ಪಾದದ ಸುತ್ತಳತೆಯ ಸುಮಾರು ಎರಡರಷ್ಟು. ಮಾವುತರಿಗೆ ಇದು ಗೊತ್ತಿರುವ ಲೆಕ್ಕ, ಚಿತ್ರ ಬರೆಯುವವರಿಗೂ ಕೈಗೆ ಬರುವ ಲೆಕ್ಕ. ನಾಲ್ಕು ಕಾಲಿನ ಪ್ರಾಣಿ ನಿಧಾನವಾಗಿ ನಡೆಯುವಾಗ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮ. ಕುದುರೆ ನಾಗಾಲೋಟದಲ್ಲಿ ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲುವಂತೆ ಯುರೋಪಿನ ಚಿತ್ರಕಾರರು ಬಹುಕಾಲ ಬರೆದರು. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲು ಕ್ಯಾಮೆರಾಗಳಲ್ಲಿ ತೆಗೆದ ಫೋಟೋಗಳು ಬಂದ ಮೇಲೆ ತಿಳಿಯಿತು, ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಕೂಡಿದ ಗಳಿಗೆಯಲ್ಲಿ.

ಗರಿಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಗರಿಗಳು ಮೈಮೇಲೆ ಎಲ್ಲೆಂದರಲ್ಲಿ ಹುಟ್ಟಿಲ್ಲ, ಗುಂಪು ಗುಂಪಾಗಿ ಗೊತ್ತಾದ ಜಾಗದಲ್ಲಿ ಹುಟ್ಟುತ್ತವೆ. ಭುಜದ ಮೇಲಿನ ಗುಂಪು ಒಂದು, ರೆಕ್ಕೆಯ ಹೊದಿಕೆ ಗರಿಗಳ ಸಾಲುಗಳು ಬೇರೆ, ಹಾರುವ ದೊಡ್ಡ ಗರಿಗಳು ಬೇರೆ. ರೆಕ್ಕೆ ಮಡಚಿದಾಗ ಯಾವ ಗುಂಪು ಯಾವುದರ ಮೇಲೆ ಜಾರಿ ಕೂರುತ್ತದೆ ಎಂದು ತಿಳಿದರೆ ಗರಿ ಎಣಿಸುವ ಗೋಜೇ ಇಲ್ಲ. ಗುಂಪನ್ನು ಒಂದು ಹರಿವಿನಲ್ಲಿ ಬಣ್ಣ ಹಚ್ಚಿ, ಬೆಳಕು ಬಿದ್ದ ಎರಡು ಮೂರು ಗರಿಗಳ ಅಂಚನ್ನು ಒಣ ಕುಂಚದಿಂದ ಎತ್ತಿದರೆ ಸಾಕು.

ಕಲಿಯಲು ರಂಗನತಿಟ್ಟು ನಮಗೆ ಹತ್ತಿರದಲ್ಲೇ ಇರುವ ಶಾಲೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತು ಬರೆಯುವುದು ಕಷ್ಟ, ದೋಣಿ ನಿಲ್ಲುವುದಿಲ್ಲ. ದಡದ ಕಲ್ಲುಬೆಂಚಿನಲ್ಲಿ ಕೂತರೆ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಕಾಣುತ್ತಾರೆ. ಹಾಗಾಗಿ ಹಕ್ಕಿಗಳಿಗೆ ಮನುಷ್ಯರ ಭಯವಿಲ್ಲ. ಯಾರದಾದರೂ ಜಗಲಿಯ ಮೇಲೆ ಕೂತು ತಲೆಯ ಮೇಲಿನ ಗೂಡನ್ನು ಬೆಳಗಿನಿಂದ ಸಂಜೆಯವರೆಗೆ ಬರೆಯಬಹುದು. 'ಏನಣ್ಣ, ನಮ್ಮ ಹಕ್ಕಿ ಬರೀತಿದ್ದೀಯಾ? ಕಾಪಿ ಕುಡಿ ಬಾ' ಎಂದು ಕರೆಯುವ ಅಜ್ಜಿಯರಿದ್ದಾರೆ. ಇನ್ನೆಲ್ಲೂ ನನಗೆ ಇಂಥ ಸ್ಟುಡಿಯೋ ಸಿಕ್ಕಿಲ್ಲ.

ಅಲ್ಲಿ ನಾನು ಮಾಡುವ ಕೆಲಸ ಹೀಗೆ. ಒಂದು ಪುಟದಲ್ಲಿ ಒಂದೇ ಚಿತ್ರ ಬರೆಯಲು ಹೋಗುವುದಿಲ್ಲ. ಹಕ್ಕಿ ಕತ್ತು ತಿರುಗಿಸಿದರೆ ಆ ಚಿತ್ರ ಬಿಟ್ಟು ಪಕ್ಕದಲ್ಲಿ ಹೊಸದು ಶುರು. ಮತ್ತೆ ಹೊರಳಿದರೆ ಮೂರನೆಯದು. ಹಕ್ಕಿಗಳಿಗೆ ಅಭ್ಯಾಸದ ಭಂಗಿಗಳಿವೆ. ಕೊಕ್ಕಿನಿಂದ ಗರಿ ತೀಡುವುದು, ಮರಿಯ ಮೇಲೆ ರೆಕ್ಕೆ ಬಿಚ್ಚಿ ನೆರಳು ಹಿಡಿಯುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಇವು ಮರಳಿ ಮರಳಿ ಬರುತ್ತವೆ. ಬಂದಾಗ ಆಯಾ ಚಿತ್ರಕ್ಕೆ ವಾಪಸ್ ಹೋಗಿ ಎರಡು ಗೆರೆ ಸೇರಿಸುವುದು. ಮೊದಲ ಗೆರೆ ಕೊಕ್ಕಿನಿಂದ ಬಾಲದವರೆಗಿನ ಓಟ, ಎರಡನೆಯದು ಕಾಲು ನೆಲಕ್ಕೆ ತಾಕುವ ಜಾಗ. ಭಾರ ಎಲ್ಲಿ ನಿಂತಿದೆ ಎಂದು ಗೊತ್ತಾಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಬಣ್ಣ ಹಚ್ಚಲು ಪುರುಸೊತ್ತು ಇಲ್ಲದಿದ್ದರೆ ಗೆರೆಯ ಪಕ್ಕ ಮಾತಿನಲ್ಲೇ ಬರೆದುಕೊಳ್ಳುತ್ತೇನೆ: 'ಹೊಟ್ಟೆಯಡಿ ಹಸುರು ಮಿನುಗು, ಎಲೆಯಿಂದ', 'ನೆರಳಿನ ಬಿಳಿ ನೀಲಿಗೆ ತಿರುಗಿದೆ'.

ನೆರಳಿನ ಬಿಳಿಯ ಬಗ್ಗೆ ಒಂದು ಮಾತು. ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದ. ಬೆಳ್ಳಕ್ಕಿಯನ್ನು ಬರೆಯುವವರು ಇಡೀ ಹಕ್ಕಿಯನ್ನು ಖಾಲಿ ಬಿಟ್ಟುಬಿಡುತ್ತಾರೆ. ಸೂರ್ಯನಿಗೂ ನಮಗೂ ನಡುವೆ ನಿಂತ ಬೆಳ್ಳಕ್ಕಿಯನ್ನು ನೋಡಿ: ಅದರ ಬಹುಪಾಲು ಮೈ ಹಿಂದಿನ ಆಕಾಶಕ್ಕಿಂತ ಗಾಢವಾಗಿರುತ್ತದೆ. ಬಿಳಿ ಉಳಿಯುವುದು ಬೆನ್ನಿನ ಅಂಚಿನಲ್ಲಿ, ಒಂದು ಎಳೆಯಷ್ಟು. ಎದೆಯಲ್ಲಿ ಆಕಾಶದ ನೀಲಿ, ಹೊಟ್ಟೆಯಲ್ಲಿ ನೀರಿನಿಂದ ಪುಟಿದ ಹೊಂಬಣ್ಣ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಬರುವ ಬೂದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ನೀಲಿ ಹೆಚ್ಚಿಸಿದರೆ ತಂಪು, ಸಿಯೆನ್ನಾ ಹೆಚ್ಚಿಸಿದರೆ ಬಿಸಿ.

ಬಣ್ಣದ ಮಾತಿಗೆ ಬಂದರೆ ನಮ್ಮ ರಾಜ್ಯಪಕ್ಷಿ ನೀಲಕಂಠವನ್ನು ಬಿಡುವಂತಿಲ್ಲ. ತಂತಿಯ ಮೇಲೆ ಕೂತಾಗ ಮಾಸಲು ಕಂದು, ಯಾರ ಕಣ್ಣಿಗೂ ಬೀಳುವುದಿಲ್ಲ. ರೆಕ್ಕೆ ಬಿಚ್ಚಿದ ಕ್ಷಣ ಎರಡು ಬಗೆಯ ನೀಲಿ ಹೊತ್ತಿಕೊಳ್ಳುತ್ತದೆ. ಅಡಗುವುದು, ಮೆರೆಯುವುದು ಎರಡೂ ಒಂದೇ ಮೈಯಲ್ಲಿ. ಆ ಗರಿಯಲ್ಲಿ ನೀಲಿ ದ್ರವ್ಯವೇ ಇಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕಿನ ನೀಲಿ ಪಾಲನ್ನು ಮಾತ್ರ ಹಿಂದಕ್ಕೆ ಚೆಲ್ಲುತ್ತದೆ, ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿ ಹೋಗಿಬಿಡುತ್ತದೆ. ಗಿಳಿಯ ಹಸುರು ಇನ್ನೂ ಚೆನ್ನ: ಅದೇ ಬಗೆಯ ರಚನೆಯ ನೀಲಿಯ ಜೊತೆ ಹಳದಿ ದ್ರವ್ಯ ಸೇರಿ ಹಸುರು. ಇದನ್ನು ತಿಳಿದ ಮೇಲೆ ನಾನು ಗಿಳಿಗೆ ಟ್ಯೂಬಿನ ಹಸುರು ಮುಟ್ಟುತ್ತಿಲ್ಲ. ತಿಳಿ ನೀಲಿ ಹಚ್ಚಿ, ಒಣಗಲು ಬಿಟ್ಟು, ಮೇಲೆ ಪಾರದರ್ಶಕ ಹಳದಿಯ ತೆಳು ಪದರ ಎಳೆಯುತ್ತೇನೆ. ಬೆಳಕು ಎರಡು ಪದರ ದಾಟಿ ಕಾಗದಕ್ಕೆ ತಾಕಿ ವಾಪಸ್ ಬರುವಾಗ ಆ ಹಸುರಿಗೊಂದು ಒಳಹೊಳಪು ಬರುತ್ತದೆ. ಇನ್ನು ದಾಂಡೇಲಿಯ ಕಡೆಯ ದೊಡ್ಡ ಮಂಗಟ್ಟೆಯಂತೂ ಸ್ವತಃ ವರ್ಣಚಿತ್ರಕಾರ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ತೆಗೆದು ತನ್ನ ಬಿಳಿ ಗರಿಗಳಿಗೆ ಹಳದಿ ಬಳಿದುಕೊಳ್ಳುತ್ತದೆ.

ಹುಲಿಯ ಬಗ್ಗೆ ಹೇಳದೆ ಮೈಸೂರಿನಲ್ಲಿ ಮಾತು ಮುಗಿಸುವ ಹಾಗಿಲ್ಲ. ನಾವು ಗೋಡೆಗಳ ಮೇಲೆ, ಕ್ಯಾಲೆಂಡರುಗಳಲ್ಲಿ ನೋಡುವ ಹುಲಿ ಬಾಯಿ ತೆರೆದು ಗರ್ಜಿಸುತ್ತಿರುತ್ತದೆ. ಆ ಮುಖ ಕಾಡಿನಿಂದ ಬಂದದ್ದಲ್ಲ, ಬೇಟೆಯ ಬಿರುದಿನಿಂದ ಬಂದದ್ದು ಎಂದು ನನ್ನ ನಂಬಿಕೆ. ಇದೇ ಊರಿನಲ್ಲಿ ವ್ಯಾನ್ ಇಂಜೆನ್ ಕುಟುಂಬದವರು ಇಪ್ಪತ್ತನೆಯ ಶತಮಾನದ ಬಹುಭಾಗ ಬೇಟೆಯಾಡಿದ ಹುಲಿ ಚಿರತೆಗಳ ತೊಗಲಿಗೆ ಮತ್ತೆ ಜೀವಂತ ಪ್ರಾಣಿಯ ರೂಪ ಕೊಟ್ಟರು, ಅವರ ಕೈಚಳಕ ಜಗತ್ತಿಗೇ ಹೆಸರಾಗಿತ್ತು. ಬೇಟೆಯಾಡಿದವರಿಗೆ ತಾವು ಹೊಡೆದ ಹುಲಿ ಭಯಂಕರವಾಗಿ ಕಾಣಬೇಕಿತ್ತು. ಕಬಿನಿಯ ದಾರಿಯಲ್ಲಿ ನಡೆದು ಹೋಗುವ ಹುಲಿಯ ಬಾಯಿ ಮುಚ್ಚಿರುತ್ತದೆ, ತಲೆ ಬೆನ್ನಿನ ಮಟ್ಟಕ್ಕೆ ಇಳಿದಿರುತ್ತದೆ, ಭುಜದ ಮೂಳೆಗಳು ಒಂದಾದ ಮೇಲೊಂದು ಏಳುತ್ತವೆ. ಪಾಪೆ ಬೆಕ್ಕಿನ ಹಾಗೆ ಸೀಳಾಗಿರುವುದಿಲ್ಲ, ದುಂಡಗೆ. ಕಿವಿಯ ಹಿಂಬದಿಯಲ್ಲಿ ಬಿಳಿ ಚುಕ್ಕೆ. ಪಟ್ಟೆಗಳು ಒಂದು ಹುಲಿಗಿದ್ದಂತೆ ಇನ್ನೊಂದಕ್ಕಿಲ್ಲ, ಎಡ ಪಕ್ಕೆಗಿದ್ದಂತೆ ಬಲ ಪಕ್ಕೆಗೂ ಇಲ್ಲ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಇಟ್ಟು ಹುಲಿಗಳನ್ನು ಎಣಿಸಿದ್ದು ಈ ಪಟ್ಟೆಗಳ ಆಧಾರದ ಮೇಲೆಯೇ. ಹಾಗಿರುವಾಗ ಚಿತ್ರಕಾರ ಮನಸ್ಸಿಗೆ ಬಂದಂತೆ ಪಟ್ಟೆ ಎಳೆದರೆ ಇಲ್ಲದ ಹುಲಿಯೊಂದನ್ನು ಹುಟ್ಟಿಸಿದ ಹಾಗೆ.

ಅಷ್ಟು ಕೆಂಪು ಕಿತ್ತಳೆ ಬಣ್ಣದ ಪ್ರಾಣಿ ಹಸುರು ಕಾಡಿನಲ್ಲಿ ಅಡಗುವುದು ಹೇಗೆ ಎಂದು ಕೇಳಬಹುದು. ಜಿಂಕೆಯ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಎರಡೇ ಬಗೆ, ನಮ್ಮಲ್ಲಿ ಮೂರು. ಕಿತ್ತಳೆಗೂ ಹಸುರಿಗೂ ಇರುವ ಭೇದ ಅದಕ್ಕೆ ತಿಳಿಯುವುದಿಲ್ಲ. ಒಮ್ಮೆ ಹುಲಿಯನ್ನೂ ಅದರ ಸುತ್ತಲಿನ ಹುಲ್ಲನ್ನೂ ಸೆಪಿಯಾ ಎಂಬ ಗಾಢ ಕಂದು ಒಂದೇ ಬಣ್ಣದಲ್ಲಿ ಬರೆದು ನೋಡಿ. ಪಟ್ಟೆಗಳು ಹುಲ್ಲಿನ ನೆರಳುಗಳ ಜೊತೆ ಸೇರಿಕೊಂಡು ಹುಲಿ ಎಲ್ಲಿ ಮುಗಿಯಿತು ಎಂದು ನಿಮಗೇ ಹುಡುಕಬೇಕಾಗುತ್ತದೆ. ಜಿಂಕೆಯ ಕಣ್ಣಿನಿಂದ ಕಾಡು ನೋಡುವ ದಾರಿಗಳಲ್ಲಿ ಇದೂ ಒಂದು.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

'ಸರ್, ಫೋಟೋ ನೋಡಿ ಬರೆಯುವುದು ತಪ್ಪಾ?' ಎಂದು ಒಬ್ಬ ವಿದ್ಯಾರ್ಥಿ ಕೇಳಿದರು. ತಪ್ಪಲ್ಲ. ಪಟ್ಟೆಗೆ, ಕೊಂಬಿನ ಕವಲಿಗೆ, ಹಾರುವ ರೆಕ್ಕೆಗೆ ನಾನೂ ಫೋಟೋ ನೋಡುತ್ತೇನೆ, ಬೇರೆಯವರದಾದರೆ ಅನುಮತಿ ಕೇಳಿ. ಫೋಟೋ ಒಂದನ್ನೇ ನೆಚ್ಚಿದರೆ ಮಾತ್ರ ತೊಂದರೆ. ದೊಡ್ಡ ಲೆನ್ಸು ದೂರವನ್ನು ಚಪ್ಪಟೆ ಮಾಡುತ್ತದೆ, ನೆರಳುಗಳನ್ನು ಬರೀ ಕಪ್ಪು ಮಾಡುತ್ತದೆ, ಹಿನ್ನೆಲೆಯನ್ನು ಅಳಿಸಿ ಹಾಕಿ ಪ್ರಾಣಿಯನ್ನು ಒಂಟಿಯಾಗಿ ನಿಲ್ಲಿಸುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದು ಆ ಹಿನ್ನೆಲೆಯ ಬಗ್ಗೆ. ಮೊದಲು ಸ್ಥಳದಲ್ಲಿ ಬರೆದ ಗೀಚುಗೆರೆಯಿಂದ ಚಿತ್ರದ ಹಂದರ ಕಟ್ಟಿ, ಬೆಳಕು ನೆರಳು ತೀರ್ಮಾನಿಸಿ, ವಿವರಕ್ಕೆ ಮಾತ್ರ ಫೋಟೋ ನೋಡಿ.

ಇನ್ನೊಬ್ಬರು ಕೇಳಿದ್ದು, ದಾರಿಯಲ್ಲಿ ಸತ್ತ ಹಕ್ಕಿ ಸಿಕ್ಕರೆ ಅಭ್ಯಾಸಕ್ಕೆ ಮನೆಗೆ ತರಬಹುದೇ ಎಂದು. ಬ್ರಿಟನ್ನಿನ ಚಾರ್ಲ್ಸ್ ಟನ್ನಿಕ್ಲಿಫ್ ಸತ್ತ ಹಕ್ಕಿಗಳನ್ನು ನಿಜ ಅಳತೆಯಲ್ಲಿ, ಗರಿ ಗರಿಯಾಗಿ ಅಳೆದು ಬರೆದಿಟ್ಟಿದ್ದ, ಅಪೂರ್ವವಾದ ಕೆಲಸ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. ಕಾಡುಹಕ್ಕಿಯ ದೇಹವನ್ನು ಹಾಗೆ ಮನೆಗೆ ತಂದಿಟ್ಟುಕೊಳ್ಳಬೇಡಿ. ಬಿದ್ದಲ್ಲೇ ಕೂತು ಬರೆಯಿರಿ, ಅಳತೆ ಬರೆದುಕೊಳ್ಳಿ, ಅಲ್ಲೇ ಬಿಟ್ಟು ಬನ್ನಿ. ಅಧ್ಯಯನಕ್ಕೆ ಕಾರಂಜಿ ಕೆರೆ ದಡದ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯವಿದೆ. ಊರಕೋಳಿಯ ರೆಕ್ಕೆಯಲ್ಲಿ ಕೂಡ ಗರಿಗಳ ಗುಂಪುಗಳನ್ನೆಲ್ಲ ಕಲಿಯಬಹುದು, ಕಾಟಿಯ ಮೈಕಟ್ಟಿಗೆ ಮನೆಯ ಹಸು ಒಳ್ಳೆಯ ಪೀಠಿಕೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಹಳ ಹೊತ್ತು ಒಂದೇ ಕಡೆ ಕೂರುತ್ತವೆ, ಹೊಸಬರಿಗೆ ಅಷ್ಟು ಸಹನೆಯ ಮಾಡೆಲ್ ಬೇರೆ ಇಲ್ಲ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಅಲ್ಲಿರುತ್ತೇನೆ. ಬರುವವರು 2ಬಿ ಪೆನ್ಸಿಲ್ಲು, ಒಂದು ಪುಸ್ತಕ, ಕೂರಲು ಒಂದು ಚಾಪೆ ತನ್ನಿ. ರಬ್ಬರು ಮನೆಯಲ್ಲೇ ಇರಲಿ.